ಎರಡು ಊರು, ಎರಡು ಬೆಲೆ

2018ರ ನವೆಂಬರಿನ ಒಂದು ಭಾನುವಾರ, ದೆಹಲಿಯ ಆಕಾಶ ಬೂದಿ ಬಣ್ಣಕ್ಕೆ ತಿರುಗಿದ್ದ ದಿನಗಳಲ್ಲಿ, ನನ್ನ ಕಾರನ್ನು ಕರೋಲ್ ಬಾಗಿನ ಹಳೆಯ ಕಾರುಗಳ ಮಾರುಕಟ್ಟೆಗೆ ಒಯ್ದಿದ್ದೆ. 2010ರ ಆಗಸ್ಟ್‌ನಲ್ಲಿ ಕೊಂಡ ಮಾರುತಿ ಸ್ವಿಫ್ಟ್ ಡಿಜೈರ್, ಡೀಸೆಲ್. ಓಡಿದ್ದು 71,000 ಕಿ.ಮೀ. ಅಂಗಡಿಯವನು ಬಾನೆಟ್ ಎತ್ತಿ ನೋಡಿದ. ಬಾಗಿಲಿನ ಅಂಚಿನ ರಬ್ಬರನ್ನು ಸರಿಸಿ, ಅಪಘಾತವಾಗಿ ಬೆಸುಗೆ ಹಾಕಿದ ಗುರುತೇನಾದರೂ ಇದೆಯೇ ಎಂದು ಹುಡುಕಿದ. ಕೊನೆಗೆ ಆರ್‌ಸಿಯಲ್ಲಿದ್ದ ನೋಂದಣಿಯ ದಿನಾಂಕವನ್ನು ಓದಿ, ‘ಒಂದು ಲಕ್ಷ ನಲವತ್ತು’ ಎಂದ. ನನ್ನ ಮುಖ ನೋಡಿ ಅವನಿಗೇ ಕನಿಕರ ಹುಟ್ಟಿರಬೇಕು. ‘ಗಾಡಿ ಚೆನ್ನಾಗಿದೆ ಸಾಹೇಬರೇ. ಆದರೆ ಅದಕ್ಕೆ ಉಳಿದಿರುವ ಆಯಸ್ಸು ಒಂದು ವರ್ಷ ಒಂಬತ್ತು ತಿಂಗಳು’ ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದ.

ದೆಹಲಿಯ ಹೊರಗಿರುವ ಓದುಗರಿಗೆ ಈ ಆಯಸ್ಸಿನ ಲೆಕ್ಕವನ್ನು ಬಿಡಿಸಿ ಹೇಳಬೇಕು. ರಾಜಧಾನಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳು ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. ಪೆಟ್ರೋಲ್ ವಾಹನಗಳಿಗೆ 15 ವರ್ಷದ ಮಿತಿ ಅದಕ್ಕೂ ಮೊದಲೇ ಬಂದಿತ್ತು. 2018ರ ಅಕ್ಟೋಬರ್ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅಂದಿನಿಂದ ದೆಹಲಿಯ ಡೀಸೆಲ್ ಕಾರಿಗೆ ಜಾತಕ ಬರೆದಿಟ್ಟಂತಾಯಿತು. ಎಂಜಿನ್ನು ಗಟ್ಟಿಮುಟ್ಟಾಗಿದ್ದರೂ, ಒಡೆಯ ಜೋಪಾನವಾಗಿ ನೋಡಿಕೊಂಡಿದ್ದರೂ, ಹತ್ತನೆಯ ಹುಟ್ಟುಹಬ್ಬದ ಮರುದಿನ ಅದು ಬೀದಿಗಿಳಿಯುವಂತಿರಲಿಲ್ಲ. ಕೊಳ್ಳುವವನು ನೋಡುತ್ತಿದ್ದದ್ದು ಗಾಡಿಯನ್ನಲ್ಲ, ಉಳಿದ ತಿಂಗಳುಗಳನ್ನು.

ಆ ಸಂಜೆಯೇ ತೀರ್ಥಹಳ್ಳಿಯಿಂದ ತಮ್ಮನ ಫೋನು ಬಂತು. ಆ ವರ್ಷ ಅಮ್ಮನಿಗೆ ಮೂತ್ರಪಿಂಡದ ತೊಂದರೆ ಹೆಚ್ಚಾಗಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಬೇಕಾಗಿತ್ತು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿಬರಲು ಸುಮಾರು 120 ಕಿ.ಮೀ. ಬಾಡಿಗೆ ಕಾರು ಕಾಯುವುದೂ ಸೇರಿ ಪ್ರತಿ ಸಲಕ್ಕೆ 1,800 ರೂಪಾಯಿ, ತಿಂಗಳಿಗೆ 14,400. ಎರಡು ಎಕರೆ ಅಡಿಕೆ ತೋಟದ ಆದಾಯದಲ್ಲಿ ಅದು ಸಣ್ಣ ಮೊತ್ತವಲ್ಲ. ನಾನು ತಿಂಗಳಿಗೆ ಇಷ್ಟೆಂದು ಹಣ ಕಳುಹಿಸುತ್ತಿದ್ದೆ, ನಿಜ. ಆದರೆ ಬೆಳಗಿನ ಐದು ಗಂಟೆಗೆ ಅಮ್ಮನನ್ನು ಎಬ್ಬಿಸಿ, ಕಾರಿಗೆ ಹತ್ತಿಸಿ, ನಾಲ್ಕು ತಾಸು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಸುಸ್ತಾದ ಅವಳನ್ನು ಮನೆಗೆ ಕರೆತರುತ್ತಿದ್ದವನು ಅವನು.

‘ಅಣ್ಣಯ್ಯ, ಅಲ್ಲಿ ಡೀಸೆಲ್ ಗಾಡಿ ಅಗ್ಗಕ್ಕೆ ಬಿಡ್ತಿದಾರಂತೆ. ಶಿವಮೊಗ್ಗದಲ್ಲಿ ನಿನ್ನಂಥದ್ದೇ ಗಾಡಿ ನೋಡ್ದೆ. ಅದೇ ಡಿಜೈರು, 2010ರದ್ದೇ. ಎರಡು ತೊಂಬತ್ತು ಹೇಳ್ತಿದಾರೆ. ನಿಂದು ಕೊಡೋದಾದ್ರೆ ನಂಗೇ ಕೊಡು. ಅಲ್ಲಿ ಏನು ಬೆಲೆ ಬರತ್ತೋ ಅದನ್ನ ಕೊಡ್ತೀನಿ.’

‘ನೋಡೋಣ, ನಾಳೆ ಹೇಳ್ತೀನಿ’ ಎಂದೆ.

ಈ ಬರಹವನ್ನು ನಾನು ಬರೆಯುತ್ತಿರುವುದು ಆ ‘ನಾಳೆ ಹೇಳ್ತೀನಿ’ ಎಂಬ ಮಾತಿಗಾಗಿ. ತಮ್ಮ ಕೇಳಿದ್ದ, ಅಮ್ಮನಿಗಾಗಿ ಕೇಳಿದ್ದ, ಹಣ ಕೊಡುತ್ತೇನೆಂದೇ ಕೇಳಿದ್ದ. ಆದರೂ ನನ್ನ ನಾಲಿಗೆ ತಡೆಯಿತು. ಎರಡು ತೊಂಬತ್ತು ಎಂಬ ಅಂಕಿ ಕಿವಿಗೆ ಬಿದ್ದ ಗಳಿಗೆಯಿಂದ, ಮಧ್ಯಾಹ್ನ ಕೇಳಿದ ಒಂದು ನಲವತ್ತು ನನ್ನ ಪಾಲಿಗೆ ನಷ್ಟವಾಗಿ ಕಾಣತೊಡಗಿತ್ತು. ಎರಡೂ ಬೆಲೆಗಳ ನಡುವೆ ಒಂದೂವರೆ ಲಕ್ಷವಿತ್ತು. ಅದು ನನ್ನದೇ ಹಣ, ಯಾರೋ ಕಸಿದುಕೊಳ್ಳುತ್ತಿದ್ದಾರೆ ಎನ್ನುವಂತೆ ರಾತ್ರಿಯೆಲ್ಲ ಮಗ್ಗುಲು ಬದಲಿಸಿದೆ. ಕಾರು ಮಾರಿದ ಮೇಲೆ ಪೆಟ್ರೋಲಿನದೊಂದನ್ನು ಕೊಳ್ಳಬೇಕಿತ್ತು, ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಿತ್ತು. ‘ಇಬ್ಬರಿಗೂ ಸರಿಹೋಗೋ ಹಾಗೆ ಎರಡು ಲಕ್ಷಕ್ಕೆ ಕೊಡಿ. ಅವರಿಗೂ ತೊಂಬತ್ತು ಸಾವಿರ ಉಳಿಯತ್ತೆ’ ಎಂದು ಹೆಂಡತಿ ಹೇಳಿದಳು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಆದರೂ ತಮ್ಮನಿಗೆ ಆ ಮಾತನ್ನು ಹೇಗೆ ಹೇಳುವುದೆಂದು ತಿಳಿಯದೆ, ಮರುದಿನವೂ ಅದರ ಮರುದಿನವೂ ಫೋನು ಮಾಡಲಿಲ್ಲ. ಅವನೂ ಮಾಡಲಿಲ್ಲ.

ಆ ಎರಡು ದಿನ, ಮನಸ್ಸಿನ ಇರಿಸುಮುರಿಸಿನಿಂದ ತಪ್ಪಿಸಿಕೊಳ್ಳಲೆಂಬಂತೆ, ಈ ಒಂದೂವರೆ ಲಕ್ಷ ಎಲ್ಲಿಂದ ಹುಟ್ಟಿತೆಂದು ಹುಡುಕತೊಡಗಿದೆ. ಜಿಎಸ್‌ಟಿ ಬಂದ ಮೇಲೆ ಹೊಸ ಕಾರಿಗೆ ಷೋರೂಮಿನಲ್ಲಿ ಹೇಳುವ ಬೆಲೆ ದೇಶದಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಮುಖ್ಯವಾಗಿ ಬರುವುದು ಅದರ ಮೇಲೆ ರಾಜ್ಯಗಳು ಹಾಕುವ ರಸ್ತೆ ತೆರಿಗೆಯಲ್ಲಿ. ದೆಹಲಿಯಲ್ಲಿ ಆಗ ಪೆಟ್ರೋಲ್ ಕಾರಿಗೆ 6 ಲಕ್ಷದವರೆಗೆ ಶೇ. 4, 10 ಲಕ್ಷದವರೆಗೆ ಶೇ. 7, ಅದರಾಚೆ ಶೇ. 10. ಡೀಸೆಲ್‌ಗೆ ಇದಕ್ಕಿಂತ ತುಸು ಹೆಚ್ಚು. ಮಹಾರಾಷ್ಟ್ರದಲ್ಲಿ ಪೆಟ್ರೋಲ್ ಕಾರಿಗೆ ಶೇ. 11ರಿಂದ 13. ನಮ್ಮ ಕರ್ನಾಟಕದಲ್ಲಿ 5 ಲಕ್ಷದವರೆಗೆ ಶೇ. 13, 10 ಲಕ್ಷದವರೆಗೆ ಶೇ. 14, 20 ಲಕ್ಷದವರೆಗೆ ಶೇ. 17, ಅದರಾಚೆ ಶೇ. 18. ಇದಲ್ಲದೆ ತೆರಿಗೆಯ ಮೇಲೆ ಸೆಸ್ ಬೇರೆ. ಈ ಪಟ್ಟಿಯಲ್ಲಿ ನಮ್ಮ ನಾಡು ಮೇಲಿನ ಸಾಲಿನಲ್ಲೇ ಕುಳಿತಿದೆ.

ಈ ತೆರಿಗೆಯನ್ನು ಮೊದಲ ಒಡೆಯ ಒಂದೇ ಸಲಕ್ಕೆ ಕಟ್ಟುತ್ತಾನೆ. ಕಟ್ಟಿದ ಮೇಲೆ ಅದು ಕಾರಿನೊಳಗೇ ಉಳಿದುಬಿಡುತ್ತದೆ. ಕೆಎ ಸಂಖ್ಯೆಯ ಹಳೆಯ ಕಾರನ್ನು ಕೊಳ್ಳುವವನು ಕಬ್ಬಿಣ, ರಬ್ಬರು, ಎಂಜಿನ್ನುಗಳ ಜೊತೆಗೆ ಕರ್ನಾಟಕದ ರಸ್ತೆಯಲ್ಲಿ ಓಡುವ ಉಳಿದ ವರ್ಷಗಳ ಹಕ್ಕನ್ನೂ ಕೊಳ್ಳುತ್ತಾನೆ. ದೆಹಲಿಯ ಕಾರಿನಲ್ಲಿ ಆ ಹಕ್ಕು ಇಲ್ಲ. ಅಗ್ಗವೆಂದು ಕಂಡದ್ದರಲ್ಲಿ ಒಂದು ಪಾಲು, ಇನ್ನೂ ಕಟ್ಟದೇ ಉಳಿದ ತೆರಿಗೆ.

ಉಳಿದ ಕಾರಣಗಳು ಆಯಾ ಊರಿನ ಮಣ್ಣು ನೀರುಗಳಿಗೆ ಸೇರಿದವು. ದೆಹಲಿಯಲ್ಲಿ ಕಾರುಗಳು ವಿಪರೀತ, ಬೇಗ ಬದಲಿಸುವ ಚಾಳಿಯೂ ಉಂಟು. ಮಾರುವವರು ಹೆಚ್ಚಿದ್ದಲ್ಲಿ ಬೆಲೆ ಇಳಿಯುತ್ತದೆ. ಮಲೆನಾಡಿನ ಸಣ್ಣ ಪಟ್ಟಣದಲ್ಲಿ ಮಾರುವವರೇ ಕಡಿಮೆ. ಡೀಸೆಲ್ ಗಾಡಿ ಸಿಕ್ಕರೆ ಬಿಡಬಾರದೆನ್ನುವವರು ಹೆಚ್ಚು. ಮುಂಬಯಿ, ಚೆನ್ನೈಗಳ ಮಿತ್ರರು ಇನ್ನೊಂದು ಮಾತು ಹೇಳುತ್ತಾರೆ. ಕಡಲ ಗಾಳಿ ಕುಡಿದ ಕಾರಿನ ತಳದ ತಗಡಿಗೆ ಉಪ್ಪು ಹಿಡಿದಿರುತ್ತದೆ. ಮೇಲೆ ಬಣ್ಣ ಹೊಳೆಯುತ್ತಿದ್ದರೂ ಕೆಳಗೆ ಬಗ್ಗಿ ನೋಡದೆ ಕೊಳ್ಳಬಾರದು. 2015ರ ಡಿಸೆಂಬರಿನ ಮಹಾಮಳೆಯಲ್ಲಿ ಚೆನ್ನೈಯ ಸಾವಿರಾರು ಕಾರುಗಳು ನೀರಿನಲ್ಲಿ ನಿಂತಿದ್ದವು. ಅಂಥ ಕಾರುಗಳು ತೊಳೆದು ಒರೆಸಿಕೊಂಡು ದೂರದ ಊರುಗಳಿಗೆ ಅಗ್ಗದ ಬೆಲೆಯ ಚೀಟಿ ಹೊತ್ತು ಹೊರಡುತ್ತವೆ. ಸೀಟು ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದರೆ, ಯಾರೂ ತೊಳೆಯದ ಆ ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಸಿಕ್ಕೀತು. ದೂರದೂರಿನ ಅಗ್ಗದ ಬೆಲೆಗೆ ಪ್ರತಿ ಸಲವೂ ಏನೋ ಒಂದು ಕಾರಣವಿರುತ್ತದೆ, ಆ ಕಾರಣ ಕೊಳ್ಳುವವನಿಗೆ ತಗಲುವಂಥದ್ದೇ ಅಲ್ಲವೇ ಎಂಬುದಷ್ಟೇ ಪ್ರಶ್ನೆ.

ಮೂರನೆಯ ದಿನ ರಾತ್ರಿ ನಾನೇ ಫೋನು ಮಾಡಿದೆ. ಎರಡು ಲಕ್ಷದ ಮಾತು ಬಾಯಿಗೆ ಬರಲಿಲ್ಲ. ‘ಇಲ್ಲಿ ಒಂದು ನಲವತ್ತು ಕೊಡ್ತಾರಂತೆ. ನೀನೂ ಅಷ್ಟೇ ಕೊಡು. ಊರಿಗೆ ತಂದು ಮುಟ್ಟಿಸೋದು ನನ್ನ ಜವಾಬ್ದಾರಿ’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅವನೆಂದ: ‘ನೀನು ಬೇಡ ಅಂತೀಯೇನೋ ಅಂದ್ಕೊಂಡಿದ್ದೆ.’ ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಮೂರು ದಿನಗಳಲ್ಲಿ ಅವನು ಏನೆಲ್ಲ ಊಹಿಸಿಕೊಂಡಿದ್ದನೋ, ಬಹುಮಟ್ಟಿಗೆ ಅದೆಲ್ಲ ನಿಜವೇ ಆಗಿತ್ತು.

ಕಾಗದಪತ್ರಗಳಿಗೆ ಎರಡೂವರೆ ತಿಂಗಳು ಹಿಡಿಯಿತು. ಒಂದು ರಾಜ್ಯದ ವಾಹನ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ನಿಂತರೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕೆಂಬುದು ಮೋಟಾರು ವಾಹನ ಕಾಯಿದೆಯ 47ನೆಯ ಕಲಂ. ಅದಕ್ಕೆ ಮೊದಲು ಇಲ್ಲಿಯ ಆರ್‌ಟಿಒ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಎಲ್ಲರ ಬಾಯಲ್ಲಿ ಎನ್‌ಒಸಿ, ಬೇಕು. ಅರ್ಜಿಯ ಫಾರಂ 28ರ ಮೇಲೆ ಚಾಸಿ ಸಂಖ್ಯೆಯ ಪಡಿಯಚ್ಚು ಇರಬೇಕು. ಲೋಹದ ಮೇಲೆ ಕಾಗದವಿಟ್ಟು, ಬಾಲ್ಯದಲ್ಲಿ ನಾಣ್ಯದ ಚಿತ್ರ ತೆಗೆಯುತ್ತಿದ್ದಂತೆ, ಪೆನ್ಸಿಲ್ ಉಜ್ಜಿ ಅದನ್ನು ತೆಗೆಯುತ್ತಾರೆ. ಕಟ್ಟದ ದಂಡಗಳೇನೂ ಇರಬಾರದು. ಹೊಗೆ ತಪಾಸಣೆಯ ಪ್ರಮಾಣಪತ್ರ, ವಿಮೆ ಚಾಲ್ತಿಯಲ್ಲಿರಬೇಕು. ಎಲ್ಲ ಸರಿಯಿದೆಯೆಂದುಕೊಂಡಾಗ, ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಹಾಗೆಯೇ ಇರುವುದು ತಿಳಿಯಿತು. ಸಾಲ ತೀರಿ ಮೂರು ವರ್ಷವಾಗಿತ್ತು. ಕಂತು ಮುಗಿದರೆ ಎಲ್ಲವೂ ಮುಗಿಯಿತೆಂದು ನಂಬಿದ್ದ ನಾನು ಆ ನಮೂದನ್ನು ತೆಗೆಸಿರಲಿಲ್ಲ. ಬ್ಯಾಂಕಿನ ಪತ್ರ ತಂದು, ಫಾರಂ 35 ತುಂಬಿ, ಮತ್ತೆ ಸಾಲಿನಲ್ಲಿ ನಿಂತೆ. ಊರಿಗೆ ಗಾಡಿ ಒಯ್ಯಬೇಕೆಂದಿರುವ ಮಿತ್ರರು ಈ ಒಂದು ಕೆಲಸವನ್ನು ಇಂದೇ ಮಾಡಿಕೊಳ್ಳಲಿ.

ಫೆಬ್ರವರಿಯಲ್ಲಿ, ಧಾರವಾಡದ ಗೆಳೆಯರೊಬ್ಬರನ್ನು ಜೊತೆ ಮಾಡಿಕೊಂಡು ಹೊರಟೆ. ಜೈಪುರ, ಉದಯಪುರ, ಅಹಮದಾಬಾದ್, ಪುಣೆ, ಕೊಲ್ಹಾಪುರ, ಹುಬ್ಬಳ್ಳಿ. ಸುಮಾರು 2,000 ಕಿ.ಮೀ. ದೂರವನ್ನು ನಾಲ್ಕು ದಿನಗಳಲ್ಲಿ ಕ್ರಮಿಸಿದೆವು. ದಾರಿಯುದ್ದಕ್ಕೂ ಒಂದು ಚೋದ್ಯ ಕಂಡೆ. ಉದಯಪುರದ ಹತ್ತಿರದ ಢಾಬಾದಲ್ಲಿ ಚಹಾ ಕುಡಿಯುತ್ತಿದ್ದಾಗ ಒಬ್ಬ ರೈತ ಕಾರನ್ನು ಸುತ್ತುಹಾಕಿ, ದೆಹಲಿಯ ಸಂಖ್ಯೆ ನೋಡಿ, ‘ಮಾರುವುದೇ? ಒಂದು ಎಪ್ಪತ್ತು ಕೊಡುತ್ತೇನೆ’ ಎಂದ. ಕೊಲ್ಹಾಪುರದಲ್ಲಿ ಪಂಕ್ಚರು ಹಾಕಿದವನು ಎರಡು ಲಕ್ಷಕ್ಕೆ ಗಿರಾಕಿ ಇದ್ದಾರೆಂದ. ದಕ್ಷಿಣಕ್ಕೆ ಹೋದಂತೆ ಕಾರು ಸವೆಯುತ್ತಿತ್ತು, ಬೆಲೆ ಏರುತ್ತಿತ್ತು. ‘ಇನ್ನೊಂದು ದಿನ ಓಡಿಸಿದ್ರ ಹೊಸಾ ಕಾರಿನ ರೇಟು ಬರತೈತಿ ನೋಡ್ರಿ’ ಎಂದು ಗೆಳೆಯರು ನಗೆಯಾಡಿದರು. ನಿಪ್ಪಾಣಿಯ ಬಳಿ ಗಡಿ ದಾಟಿ ಕನ್ನಡದ ಮೈಲುಗಲ್ಲುಗಳು ಕಾಣತೊಡಗಿದಾಗ, ಈ ಕಾರು ಇಲ್ಲಿ ಎರಡು ತೊಂಬತ್ತರದ್ದಾಯಿತಲ್ಲ ಎಂಬ ಯೋಚನೆ ಮತ್ತೆ ಬಂದುಹೋಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಇನ್ನೊಂದು ಯೋಚನೆಯೂ ಇತ್ತು. ದೆಹಲಿ ಈ ಗಾಡಿಯನ್ನು ಬೇಡವೆಂದದ್ದು ಅದರ ಹೊಗೆಗಾಗಿ. ರಾಜಧಾನಿಯ ಮಕ್ಕಳ ಎದೆಗೂಡಿಗೆ ವಿಷವಾದದ್ದು ತುಂಗೆಯ ದಡದ ನನ್ನ ತಮ್ಮನ ಅಂಗಳದಲ್ಲಿ ಹೇಗೆ ನಿರ್ದೋಷಿಯಾದೀತು? ಎರಡು ಕೋಟಿ ಜನರ ಊರಿನಲ್ಲಿ, ಗಾಳಿ ನಿಂತುಬಿಡುವ ಚಳಿಗಾಲದಲ್ಲಿ, ಲಕ್ಷಾಂತರ ಗಾಡಿಗಳು ಒಟ್ಟಿಗೆ ಉಸಿರುಬಿಟ್ಟಾಗ ಆಗುವ ಅನಾಹುತ ಮಲೆನಾಡಿನ ಒಂಟಿ ಕಾರಿನಿಂದ ಆಗದು. ಈ ಸಮಾಧಾನದಲ್ಲಿ ಸತ್ಯವಿದೆ. ಆದರೆ ದೊಡ್ಡ ಊರು ತನಗೆ ಬೇಡವಾದದ್ದನ್ನು ಅಗ್ಗ ಮಾಡಿ ಸಣ್ಣ ಊರಿಗೆ ದಾಟಿಸುವ ವ್ಯಾಪಾರದಲ್ಲಿ ನಾನೂ ಒಂದು ಕೊಂಡಿಯಾದೆ ಎಂಬುದೂ ಸತ್ಯ. ಬೆಲೆಯ ಅಂತರದಲ್ಲಿ ತೆರಿಗೆಯ ಜೊತೆಗೆ ಗಾಳಿಯೂ ಇತ್ತು.

ತೀರ್ಥಹಳ್ಳಿಯಲ್ಲಿ ಅಕ್ಕಪಕ್ಕದವರು ಬಂದು ‘ಡೆಲ್ಲಿ ಗಾಡಿ’ಯನ್ನು ಸಂಶಯದಿಂದ ನೋಡಿದರು. ಕದ್ದ ಮಾಲಲ್ಲ, ಅಣ್ಣನದೇ ಎಂದು ತಮ್ಮ ಎಲ್ಲರಿಗೂ ಹೇಳಬೇಕಾಯಿತು. ಶಿವಮೊಗ್ಗದ ಕಚೇರಿಯಲ್ಲಿ ನಿರೀಕ್ಷಕರು ಕಾರನ್ನು ಪರೀಕ್ಷಿಸಿದರು. ಹೊರರಾಜ್ಯದಿಂದ ಬಂದ ಕಾರಿಗೆ ಅದರ ಮೂಲ ಬೆಲೆಯ ಮೇಲೆ ಆಜೀವ ತೆರಿಗೆಯನ್ನು ಲೆಕ್ಕಹಾಕಿ, ವಯಸ್ಸಿಗೆ ತಕ್ಕಷ್ಟು ಕಡಿಮೆ ಮಾಡುತ್ತಾರೆ. ಮೂಲ ಬೆಲೆ ಆರು ಲಕ್ಷದ ಸಮೀಪ. ಎಂಟೂವರೆ ವರ್ಷದ ರಿಯಾಯಿತಿ ಕಳೆದು, ಸೆಸ್ ಸೇರಿ, ಕಟ್ಟಬೇಕಾದದ್ದು 50,000ದ ಆಸುಪಾಸು. ದೆಹಲಿಯಲ್ಲಿ ಕಟ್ಟಿದ್ದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಮರಳಿ ಕೇಳುವ ಅವಕಾಶವಿದೆ. ನಮ್ಮದು ಸಣ್ಣ ಮೊತ್ತವೆಂದು ಅದರ ಬೆನ್ನು ಹತ್ತಲಿಲ್ಲ.

ಎಲ್ಲ ಮುಗಿದ ಮೇಲೆ ಜಗುಲಿಯಲ್ಲಿ ಕುಳಿತು ಅಣ್ಣತಮ್ಮಂದಿರು ಲೆಕ್ಕ ಬರೆದೆವು. ಕಾರಿಗೆ 1,40,000. ತೆರಿಗೆ 50,000. ನೋಂದಣಿ, ಕಾಗದಪತ್ರ, ಏಜೆಂಟರು ಸೇರಿ 9,000. ಇಷ್ಟು ಅವನದು, ಒಟ್ಟು 1,99,000. ಹೊರಡುವ ಮೊದಲು ಹಾಕಿಸಿದ ನಾಲ್ಕು ಟೈರು, ಬ್ಯಾಟರಿಗೆ 22,000. ದಾರಿಯ ಡೀಸೆಲ್, ಟೋಲ್, ವಸತಿ, ನಮ್ಮಿಬ್ಬರ ಮರುಪ್ರಯಾಣ ಸೇರಿ 21,000. ಇದು ನನ್ನದು. ಅಂದರೆ ನನ್ನ ಕೈಯಲ್ಲಿ ಉಳಿದದ್ದು 97,000. ಅವನ ಕೈಬಿಟ್ಟದ್ದು ಎರಡು ಲಕ್ಷಕ್ಕೆ ಒಂದು ಸಾವಿರ ಕಡಿಮೆ. ಇಬ್ಬರ ನಡುವಿನ 1,02,000 ಸರ್ಕಾರ, ಹೆದ್ದಾರಿ, ಟೈರಿನಂಗಡಿಗಳಲ್ಲಿ ಹಂಚಿಹೋಗಿತ್ತು. ಶಿವಮೊಗ್ಗದ ಬೆಲೆಗಿಂತ ಅವನಿಗೆ 91,000 ಉಳಿಯಿತೆಂದು ಹೇಳಬಹುದು. ಆದರೆ ಕೆಎ 14 ಸಂಖ್ಯೆ ಬಂದರೂ ಆರ್‌ಸಿಯಲ್ಲಿ ಹಳೆಯ ಕಥೆ ಉಳಿದೇ ಇರುತ್ತದೆ, ಮುಂದೆ ಮಾರುವಾಗ ಹೊರರಾಜ್ಯದ ಗಾಡಿಯೆಂದು ಮೂವತ್ತು ನಲವತ್ತು ಸಾವಿರ ಕಡಿಮೆಯೇ ಕೇಳುತ್ತಾರೆ ಎಂದು ಅಲ್ಲಿಯ ಅಂಗಡಿಯವನು ಮೊದಲೇ ಎಚ್ಚರಿಸಿದ್ದ. ಮೂರು ರಾತ್ರಿ ನನ್ನನ್ನು ಕಾಡಿದ ಒಂದೂವರೆ ಲಕ್ಷ ಎಂಬ ಹಣ ಎಲ್ಲಿಯೂ ಇರಲಿಲ್ಲ. ದೆಹಲಿಯ ಬೆಲೆಯನ್ನು ದೆಹಲಿಯಲ್ಲೂ ಶಿವಮೊಗ್ಗದ ಬೆಲೆಯನ್ನು ಶಿವಮೊಗ್ಗದಲ್ಲೂ ನೋಡಿದಾಗ ಮಾತ್ರ ಅದು ಕಾಣುತ್ತಿತ್ತು. ಒಂದನ್ನು ಇನ್ನೊಂದರ ಬಳಿಗೆ ಒಯ್ಯಲು ಹೊರಟರೆ ದಾರಿಯಲ್ಲೇ ಕರಗುತ್ತಿತ್ತು.

ಆ ಲೆಕ್ಕದ ಹಾಳೆಯಲ್ಲಿ ನಾವು ಬರೆಯದ ಇನ್ನೊಂದು ಬೆಲೆ ಮರುವರ್ಷ ತಿಳಿಯಿತು. 2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿದಾಗ ಬಸ್ಸುಗಳು ನಿಂತವು, ಬಾಡಿಗೆ ಕಾರಿನವರು ಹೊರಡಲು ಹೆದರಿದರು. ಡಯಾಲಿಸಿಸ್ಸಿಗೆ ಲಾಕ್‌ಡೌನ್ ಎಂಬುದಿಲ್ಲ. ಆಸ್ಪತ್ರೆಯ ಚೀಟಿಯನ್ನು ಮುಂಗಾಜಿಗೆ ಅಂಟಿಸಿಕೊಂಡು, ಪ್ರತಿ ತಪಾಸಣಾ ಠಾಣೆಯಲ್ಲಿ ನಿಲ್ಲಿಸಿ ತೋರಿಸುತ್ತ, ತಮ್ಮ ವಾರಕ್ಕೆ ಎರಡು ಸಲ ಅಮ್ಮನನ್ನು ಕರೆದುಕೊಂಡು ಹೋದ. ಒಂದು ಸರದಿಯೂ ತಪ್ಪಲಿಲ್ಲ. ನಾನು ದೆಹಲಿಯ ಮನೆಯೊಳಗೆ ಕುಳಿತು ಫೋನಿನಲ್ಲಿ ಕೇಳುತ್ತಿದ್ದೆ. ಆ ಆಗಸ್ಟ್‌ನಲ್ಲಿ ಕಾರಿಗೆ ಹತ್ತು ವರ್ಷ ತುಂಬಿತು. ದೆಹಲಿಯಲ್ಲಿದ್ದಿದ್ದರೆ ಅದರ ಕೊನೆಯ ದಿನ. ಅಂದು ಗುರುವಾರ, ಅಮ್ಮನ ಸರದಿ. ಕಾರು ಬೆಳಿಗ್ಗೆ ಐದಕ್ಕೇ ಹೊರಟಿತ್ತು.

2021ರ ಮಳೆಗಾಲದಲ್ಲಿ ಅಮ್ಮ ಹೋದಳು. ಅದುವರೆಗೆ ಆ ಕಾರು ಇಪ್ಪತ್ತೈದು ಸಾವಿರ ಕಿ.ಮೀ.ಗೂ ಹೆಚ್ಚು ಓಡಿದ್ದು ಆಸ್ಪತ್ರೆಯ ದಾರಿಯಲ್ಲಿಯೇ.

ಈಗ ವರ್ಗಾವಣೆಯಾಗುವ ನೌಕರರಿಗೆ ಬಿಎಚ್ ಸರಣಿಯ ಸಂಖ್ಯೆ ಬಂದಿದೆ. 2021ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಅದಿದ್ದರೆ ರಾಜ್ಯ ಬದಲಾದಾಗ ಸಂಖ್ಯೆ ಬದಲಿಸಬೇಕಿಲ್ಲ; ಜಾರಿಗೆ ಬಂದಾಗಿನ ನಿಯಮದಂತೆ ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿದರೆ ಸಾಕಾಗಿತ್ತು. ಎರಡು ನಾಡುಗಳ ನಡುವೆ ಬದುಕುವ ನಮ್ಮಂಥವರಿಗೆ ಅದು ಅನುಕೂಲವೇ. ಆದರೂ ಹಳೆಯ ಕಾರು ಕೊಳ್ಳುವ ಯಾರಾದರೂ ನನ್ನನ್ನು ಸಲಹೆ ಕೇಳಿದರೆ ಹೇಳುವುದಿಷ್ಟು: ದೂರದ ಊರಿನ ಬೆಲೆ ಕೇಳಿದೊಡನೆ ಹಿಗ್ಗಬೇಡಿ. ತೆರಿಗೆ, ದಾರಿ, ಕಾಗದ, ಮುಂದೆ ಮಾರುವಾಗಿನ ಕಡಿತ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೂಡಿಸಿ. ಮಾರುವವರು ಮನೆಯವರೇ ಆಗಿದ್ದರೆ ಉತ್ತರವನ್ನು ನಾಳೆಗೆ ಉಳಿಸಬೇಡಿ.

2025ರ ಜುಲೈ 1ರಿಂದ ಹಳೆಯ ಗಾಡಿಗಳಿಗೆ ದೆಹಲಿಯ ಬಂಕುಗಳಲ್ಲಿ ಇಂಧನವನ್ನೇ ಹಾಕಬಾರದೆಂದು ಆದೇಶವಾಯಿತು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದರು. ಆ ವಾರ ಪತ್ರಿಕೆಯಲ್ಲಿ ಸುದ್ದಿ ಓದಿದ ತಮ್ಮ ಫೋನು ಮಾಡಿದ. ಪಕ್ಕದ ಊರಿನವರೊಬ್ಬರು ಕಾರು ಕೇಳಿದ್ದಾರಂತೆ, ಒಂದು ಲಕ್ಷ ಅರವತ್ತಕ್ಕೆ.

‘ಈಗ ಅಲ್ಲಿ ಇದಕ್ಕೆ ಏನು ಬೆಲೆ ಅಣ್ಣಯ್ಯ?’

‘ಇಲ್ಲಿ ಅದಕ್ಕೆ ಬೆಲೆಯೇ ಇಲ್ಲ ಮಾರಾಯ. ಕೊಟ್ಟುಬಿಡು.’

‘ಇಲ್ಲ, ಇರಲಿ ಬಿಡು’ ಎಂದ. ‘ಇನ್ನೂ ಚೆನ್ನಾಗಿ ಓಡ್ತಾ ಇದೆ.’